ಆರೆಂಟು ಮಕ್ಕಳು, ಒಂದು ಒಲೆ

ಸ್ಕೌಟ್ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರ ಕಣ್ಣ ಮುಂದೆ ಬರುವುದು ಆಗಸ್ಟ್ 15ರ ಮೈದಾನ. ಕುತ್ತಿಗೆಗೆ ಸ್ಕಾರ್ಫ್ ಕಟ್ಟಿಕೊಂಡ ಮಕ್ಕಳು, ಡ್ರಮ್ಮಿನ ಸದ್ದಿಗೆ ಹೆಜ್ಜೆ, ಮುಖ್ಯ ಅತಿಥಿಗಳಿಗೆ ಸೆಲ್ಯೂಟ್. ಊರಿನವರಿಗೆ ಕಾಣುವುದು ಅಷ್ಟೇ. ಹಾಗಾಗಿ ಮಗಳನ್ನು ಗೈಡ್ ದಳಕ್ಕೆ, ಅಂದರೆ ಹುಡುಗಿಯರ ಸ್ಕೌಟ್ ದಳಕ್ಕೆ, ಸೇರಿಸಲು ಬರುವ ಅಪ್ಪ ಅಮ್ಮಂದಿರೂ "ಸ್ವಲ್ಪ ಶಿಸ್ತು ಕಲೀಲಿ ಮೇಡಂ" ಅಂತಲೇ ಹೇಳುತ್ತಾರೆ.

ಶಿಸ್ತು ಬರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಬರೀ ಶಿಸ್ತು ಬೇಕಿದ್ದರೆ ಪಿ.ಟಿ. ಪೀರಿಯಡ್ಡೇ ಸಾಕು. ನಾನು ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತೇನೆ. ಬಹಳ ವರ್ಷಗಳಿಂದ ಗೈಡ್ ಕ್ಯಾಪ್ಟನ್, ಅಂದರೆ ಗೈಡ್ ದಳ ನಡೆಸುವವಳು ಕೂಡ. ಇಷ್ಟು ದಿನ ಮಕ್ಕಳ ಜೊತೆ ಇದ್ದು ನನಗೆ ಮನದಟ್ಟಾಗಿರುವುದು ಒಂದೇ ವಿಷಯ. ಸ್ಕೌಟಿಂಗ್‌ನಿಂದ ಮಕ್ಕಳಿಗೆ ಸಿಗುವ ಲಾಭದಲ್ಲಿ ಮುಕ್ಕಾಲು ಪಾಲು ಬರುವುದು ಪರೇಡಿನಿಂದ ಅಲ್ಲ, ಪ್ಯಾಟ್ರೋಲಿನಿಂದ. ಆರರಿಂದ ಎಂಟು ಮಕ್ಕಳ ಒಂದು ಗುಂಪು. ಅದಕ್ಕೆ ಅವರದೇ ವಯಸ್ಸಿನ ಒಬ್ಬಳು ಲೀಡರ್. ಅವರೇ ಮಾಡಿ ಮುಗಿಸಬೇಕಾದ ನಿಜವಾದ ಕೆಲಸ. ದೊಡ್ಡವರು ಕಣ್ಣಳತೆಯಲ್ಲಿ ಇರಬೇಕು, ಕೈ ಹಾಕಬಾರದು. ಇದು ಎಲ್ಲಿ ಇದೆಯೋ ಅಲ್ಲಿ ಮಕ್ಕಳು ಬೆಳೆಯುತ್ತಾರೆ. ಎಲ್ಲಿ ಇಲ್ಲವೋ ಅಲ್ಲಿ ಸ್ಕಾರ್ಫ್ ಮಾತ್ರ ಉಳಿಯುತ್ತದೆ.

ಈ ಪ್ಯಾಟ್ರೋಲ್ ಅನ್ನುವುದು ಆಮೇಲೆ ಸೇರಿಸಿದ ಏರ್ಪಾಡಲ್ಲ, ಶುರುವೇ ಅದರಿಂದ. ಸ್ಕೌಟಿಂಗ್ ಶುರು ಮಾಡಿದ ಬೇಡನ್ ಪೊವೆಲ್ ಬ್ರಿಟಿಷ್ ಸೈನ್ಯದ ಅಧಿಕಾರಿ. 1899-1900ರಲ್ಲಿ ದಕ್ಷಿಣ ಆಫ್ರಿಕಾದ ಮಾಫೆಕಿಂಗ್ ಪಟ್ಟಣಕ್ಕೆ ಮುತ್ತಿಗೆ ಬಿದ್ದಾಗ ಒಳಗಿದ್ದ ಪಡೆಯ ಮುಖ್ಯಸ್ಥ ಅವರೇ. ಅಲ್ಲಿ ದೊಡ್ಡವರ ಕೈ ಸಾಲದೇ ಹೋದಾಗ ಹುಡುಗರಿಗೆ ಸಂದೇಶ ಒಯ್ಯುವ ಕೆಲಸ ಕೊಟ್ಟರು. ಹುಡುಗರು ಅದನ್ನು ಚೆನ್ನಾಗಿಯೇ ಮಾಡಿದರು. ಯುದ್ಧದಲ್ಲಿ ಮಕ್ಕಳನ್ನು ಬಳಸಿದ್ದನ್ನು ಇವತ್ತು ಯಾರೂ ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಆದರೆ ನಂಬಿ ಜವಾಬ್ದಾರಿ ಕೊಟ್ಟರೆ ಹುಡುಗರು ಅದನ್ನು ಹೊರುತ್ತಾರೆ ಅನ್ನುವುದು ಅವರ ಮನಸ್ಸಿನಲ್ಲಿ ಉಳಿಯಿತು. 1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು 20 ಹುಡುಗರನ್ನು ಸೇರಿಸಿ ಮೊದಲ ಶಿಬಿರ ನಡೆಸಿದರು. ತೋಳ, ಗೂಳಿ, ಕಾಗೆ ಜಾತಿಯ ರೇವನ್, ಕಡಲತೀರದ ಕರ್ಲ್ಯೂ ಹಕ್ಕಿ, ಹೀಗೆ ಹೆಸರಿಟ್ಟ ನಾಲ್ಕು ಪ್ಯಾಟ್ರೋಲ್. ಆ ಹುಡುಗರಲ್ಲಿ ಕೆಲವರು ದುಬಾರಿ ಶಾಲೆಗಳಲ್ಲಿ ಓದುತ್ತಿದ್ದ ಶ್ರೀಮಂತರ ಮಕ್ಕಳು, ಕೆಲವರು ದುಡಿದು ತಿನ್ನುವವರ ಮನೆಯ ಮಕ್ಕಳು. ಆ ಕಾಲದ ಇಂಗ್ಲೆಂಡಿನಲ್ಲಿ ಇವರಿಬ್ಬರೂ ಒಂದೇ ಡೇರೆಯಲ್ಲಿ ಮಲಗುವುದು ಸಣ್ಣ ಸಂಗತಿಯಲ್ಲ.

ಭಾರತಕ್ಕೆ ಇದು ಬಂದಿದ್ದು ನಮ್ಮ ಬೆಂಗಳೂರಿನ ಮೂಲಕ. 1909ರಲ್ಲಿ ಕ್ಯಾಪ್ಟನ್ ಟಿ. ಎಚ್. ಬೇಕರ್ ಅಲ್ಲಿ ಮೊದಲ ದಳ ಕಟ್ಟಿದರು. ಆದರೆ ಆಗ ಭಾರತೀಯ ಮಕ್ಕಳಿಗೆ ಪ್ರವೇಶ ಇರಲಿಲ್ಲ. ಅದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ. ನಮ್ಮ ಮಕ್ಕಳಿಗೂ ಇದು ಬೇಕು ಅಂತ ಹಟ ಹಿಡಿದು ಬೇರೆ ಸಂಘಗಳನ್ನೇ ಕಟ್ಟಿದವರು ಮದ್ರಾಸಿನಲ್ಲಿ ಆನಿ ಬೆಸೆಂಟ್, ಅಲಹಾಬಾದಿನಲ್ಲಿ ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ. ಬೇರೆ ಬೇರೆ ಸಂಘಗಳು ಸೇರಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಗಿದ್ದು 1950ರ ನವೆಂಬರ್ 7ರಂದು. ಮರುವರ್ಷ ಗರ್ಲ್ ಗೈಡ್ಸ್ ಕೂಡ ಅದರೊಳಗೆ ಬಂತು. ನಮ್ಮ ರಾಜ್ಯದಲ್ಲಿ ಇದನ್ನು ಹಳ್ಳಿಯ ಶಾಲೆಗಳವರೆಗೆ ಒಯ್ಯಲು ದುಡಿದವರಲ್ಲಿ ಕೊಂಡಜ್ಜಿ ಬಸಪ್ಪನವರ ಹೆಸರು ದೊಡ್ಡದು. ಬೆಂಗಳೂರಿನ ಅರಮನೆ ರಸ್ತೆಯ ಸ್ಕೌಟ್ ಕಚೇರಿಯ ಸಭಾಂಗಣಕ್ಕೆ ಅವರದೇ ಹೆಸರು. ದಾವಣಗೆರೆ ಕಡೆಯ ಕೊಂಡಜ್ಜಿಯಲ್ಲಿ ಕೆರೆ ಪಕ್ಕದ ಶಿಬಿರ ಸ್ಥಳ ನೋಡಿದವರಿಗೆ ಗೊತ್ತು, ಮಕ್ಕಳಿಗೆ ಅಂಥ ಜಾಗ ಸಿಗುವುದೇ ಒಂದು ಭಾಗ್ಯ.

ಸರಿ, ಪ್ಯಾಟ್ರೋಲಿನ ವಿಷಯಕ್ಕೆ ಬರೋಣ.

ಹತ್ತು ವರ್ಷ ತುಂಬಿದ ಮೇಲೆ ಹುಡುಗರು ಸ್ಕೌಟ್, ಹುಡುಗಿಯರು ಗೈಡ್. ಸ್ಕೌಟ್ ಪ್ಯಾಟ್ರೋಲುಗಳಿಗೆ ಪ್ರಾಣಿ ಪಕ್ಷಿಗಳ ಹೆಸರು, ನಮ್ಮ ಗೈಡ್ ಪ್ಯಾಟ್ರೋಲುಗಳಿಗೆ ಹೂವಿನ ಹೆಸರು. ಮಲ್ಲಿಗೆ, ಕಮಲ, ದಾಸವಾಳ. ಒಬ್ಬಳು ಪ್ಯಾಟ್ರೋಲ್ ಲೀಡರ್, ಮಕ್ಕಳ ಬಾಯಲ್ಲಿ ಪಿ.ಎಲ್. ಒಬ್ಬಳು ಸೆಕೆಂಡ್. ಉಳಿದವರಿಗೂ ಒಂದೊಂದು ಕೆಲಸ ಇರುತ್ತದೆ. ಸಾಮಾನು ನೋಡಿಕೊಳ್ಳುವವಳು, ಲೆಕ್ಕ ಇಡುವವಳು, ನಡೆದಿದ್ದನ್ನು ಬರೆದಿಡುವವಳು, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಹೊರುವವಳು. ಕೆಲಸ ಇಲ್ಲದ ಮಗು ಇಲ್ಲ. ನನಗೆ ಇದರಲ್ಲಿ ತುಂಬ ಮುಖ್ಯ ಅನ್ನಿಸುವುದು ಇದೇ. 60 ಮಕ್ಕಳ ತರಗತಿಯಲ್ಲಿ ಒಂದು ಮಗು ವರ್ಷವಿಡೀ ಬಾಯಿ ಬಿಡದೆ ಕಳೆದುಬಿಡಬಹುದು. ಏಳು ಮಂದಿಯ ಪ್ಯಾಟ್ರೋಲಿನಲ್ಲಿ ಅದು ಆಗುವುದಿಲ್ಲ. ಹಗ್ಗ ತರಬೇಕಾದವಳು ತರದಿದ್ದರೆ ಅವತ್ತಿನ ಕೆಲಸವೇ ನಿಲ್ಲುತ್ತದೆ. ಬೈಯಲು ಟೀಚರ್ ಬೇಕಾಗಿಲ್ಲ, ಉಳಿದ ಆರು ಜನ ಇದ್ದಾರೆ. ಹಾಗೇ ಅವಳು ತಂದರೆ ಅವಳಿಂದಲೇ ಕೆಲಸ ಆಯಿತು ಅನ್ನುವುದೂ ಆ ಆರು ಜನಕ್ಕೆ ಗೊತ್ತಿರುತ್ತದೆ.

ಪಿ.ಎಲ್.ಗಳೆಲ್ಲ ಸೇರುವ ಸಭೆಗೆ ಕೋರ್ಟ್ ಆಫ್ ಆನರ್ ಅಂತಾರೆ. ಮುಂದಿನ ಹೈಕ್ (ಕಾಲ್ನಡಿಗೆಯ ಪ್ರವಾಸ) ಎಲ್ಲಿಗೆ, ಖರ್ಚು ಎಷ್ಟು, ಯಾರ ಮೇಲೆ ಏನು ದೂರು, ಎಲ್ಲವನ್ನೂ ಅಲ್ಲಿ ಮಕ್ಕಳೇ ಮಾತಾಡುತ್ತಾರೆ. ಕ್ಯಾಪ್ಟನ್ ಸುಮ್ಮನೆ ಕೂತು ಕೇಳಬೇಕು. ಕೇಳಿದರೆ ಮಾತ್ರ ಸಲಹೆ ಕೊಡಬೇಕು. ಪಾಠ ಮಾಡಿ ರೂಢಿಯಾದ ನಮಗೆ ಇದು ಬಹಳ ಕಷ್ಟ. ಆದರೆ ಹದಿಮೂರು ವರ್ಷದ ಹುಡುಗಿ "ಅವಳಿಗೆ ದುಡ್ಡಿನ ತೊಂದರೆ ಇದೆ, ಅದಕ್ಕೇ ಬರಲ್ಲ ಅಂತಿದಾಳೆ, ನಾವೇ ಏನಾದ್ರೂ ಮಾಡೋಣ" ಅಂತ ಗೆಳತಿಯ ಪರವಾಗಿ ಮೆಲ್ಲಗೆ ಹೇಳುವುದನ್ನು ಆ ಸಭೆಯಲ್ಲಿ ಕೇಳಿದ್ದೇನೆ. ನಾನು ಆ ಮಗುವಿಗೆ ವರ್ಷವಿಡೀ ಪಾಠ ಮಾಡಿದ್ದೆ. ಮನೆಯ ಕಷ್ಟ ನನ್ನ ಕಿವಿಗೆ ಬಿದ್ದಿರಲಿಲ್ಲ.

ಶಿಬಿರದಲ್ಲಿ ಅಡುಗೆ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ. ಪ್ಯಾಟ್ರೋಲಿಗೆ ಒಂದು ಒಲೆ. ಒಲೆ ಅಂದರೆ ಮೂರು ಕಲ್ಲು, ಇಲ್ಲವೇ ಗಾಳಿ ಬರುವ ದಿಕ್ಕಿಗೆ ಬಾಯಿ ಮಾಡಿ ತೋಡಿದ ಒಂದು ಗುಂಡಿ. ಅಕ್ಕಿ, ಬೇಳೆ, ತರಕಾರಿ, ಹುಣಸೆಹಣ್ಣು, ಖಾರದ ಪುಡಿ ಅಳೆದು ಕೊಡುತ್ತೇವೆ. ಮುಂದಿನದು ಅವರದು. ನಮ್ಮ ಕಡೆ ಮಳೆ ಯಾವಾಗ ಬೇಕಾದರೂ ಬರುತ್ತದೆ. ಹಿಂದಿನ ರಾತ್ರಿ ಮಳೆ ಬಿದ್ದಿದ್ದರೆ ಸೌದೆ ಹಸಿ. ಆಗ ತರಗತಿಗೇ ಮೊದಲ ಸ್ಥಾನ ಪಡೆಯುವ ಹುಡುಗಿ ಬೆಂಕಿಪೊಟ್ಟಣದ ಅರ್ಧ ಕಡ್ಡಿ ಖಾಲಿ ಮಾಡಿ, ಕಣ್ಣಲ್ಲಿ ನೀರು ಸುರಿಸಿಕೊಂಡು ಎದ್ದು ನಿಲ್ಲುತ್ತಾಳೆ. ಅವಳ ಮನೆಯಲ್ಲಿ ಗ್ಯಾಸು, ಸೌದೆ ಒಲೆ ಅವಳು ಹಚ್ಚಿದವಳೇ ಅಲ್ಲ. ಹಿಂದಿನ ಬೆಂಚಿನಲ್ಲಿ ಮಾತಿಲ್ಲದೆ ಕೂರುವ ಇನ್ನೊಬ್ಬಳು ಮುಂದೆ ಬರುತ್ತಾಳೆ. ದಪ್ಪ ಸೌದೆಯನ್ನು ಕತ್ತಿಯಲ್ಲಿ ಸೀಳುತ್ತಾಳೆ, ಒಳಗಿನ ತಿರುಳು ಒಣಗಿರುತ್ತದಲ್ಲ, ಅದನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತಾಳೆ. ಅಡಿಗೆ ಒಣ ಅಡಿಕೆ ಹಾಳೆಯ ಚೂರು, ಮೇಲೆ ಚಕ್ಕೆ, ಆಮೇಲೆ ಬೆರಳು ಗಾತ್ರದ ಕಡ್ಡಿ, ಕೊನೆಗೆ ಸೌದೆ. ಒಂದೇ ಕಡ್ಡಿಗೆ ಬೆಂಕಿ ಹತ್ತುತ್ತದೆ. ಹಸಿ ಸೌದೆಯನ್ನು ಒಲೆಯ ಸುತ್ತ ಒರಗಿಸಿಟ್ಟು ಒಣಗಿಸುತ್ತಾಳೆ, ಸಂಜೆಗೆ ಬೇಕಲ್ಲ. ಅವತ್ತಿನಿಂದ ಆ ಪ್ಯಾಟ್ರೋಲಿನಲ್ಲಿ ಅವಳ ಮಾತಿಗೆ ತೂಕ ಬಂತು. ತರಗತಿಯಲ್ಲೂ ಬಂತು. ಅಂಕಪಟ್ಟಿ ಕಾಣದ ಬುದ್ಧಿವಂತಿಕೆಯೊಂದು ಅವಳಲ್ಲಿತ್ತು. ಅದು ಹೊರಗೆ ಬರಲು ಒಂದು ಒಲೆ ಬೇಕಾಗಿತ್ತು.

ಒಲೆಯ ವಿಷಯದಲ್ಲಿ ಹೇಳಲೇಬೇಕಾದ್ದು ಇನ್ನೊಂದಿದೆ. ಯಾರ ಮನೆಯಲ್ಲಿ ನೀರು ಕುಡಿಯಬಹುದು, ಯಾರ ಮನೆಯಲ್ಲಿ ಕುಡಿಯಬಾರದು ಅಂತ ಮಕ್ಕಳಿಗೆ ಹೇಳಿಕೊಡುವ ಮನೆಗಳು ನಮ್ಮ ಸುತ್ತ ಇನ್ನೂ ಇವೆ. ಶಾಲೆಯಲ್ಲಿ ಬಿಸಿಯೂಟಕ್ಕೆ ಮಕ್ಕಳು ಸಾಲಾಗಿ ಕೂರುತ್ತಾರೆ, ನಿಜ. ಆದರೆ ಅಲ್ಲಿ ಅಡುಗೆಯವರು ಬೇರೆ. ಶಿಬಿರದಲ್ಲಿ ಪಾಳಿ ಇರುತ್ತದೆ. ಇವತ್ತು ಅಡುಗೆ ಮಾಡಿದವಳು ನಾಳೆ ನೀರು ಹೊರುತ್ತಾಳೆ, ನಾಡಿದ್ದು ಪಾತ್ರೆ ತೊಳೆಯುತ್ತಾಳೆ. ಎಲ್ಲರ ಎಂಜಲು ತಟ್ಟೆ ಎಲ್ಲರ ಕೈಗೂ ಬರುತ್ತದೆ. ಎಲ್ಲರ ಕೈಯಡುಗೆ ಎಲ್ಲರ ಹೊಟ್ಟೆಗೂ ಹೋಗುತ್ತದೆ. ನಾನು ಅದರ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಭಾಷಣ ಶುರು ಮಾಡಿದರೆ ಮಕ್ಕಳು ಎಚ್ಚೆತ್ತುಕೊಳ್ಳುತ್ತಾರೆ, ಮನೆಯಲ್ಲಿ ಕೇಳಿದ್ದು ನೆನಪಾಗುತ್ತದೆ. ಒಮ್ಮೆ ಒಬ್ಬಳ ಮನೆಯಲ್ಲಿ ಈ ವಿಷಯಕ್ಕೇ ಗಲಾಟೆ ಆಗಬಹುದು ಅಂತ ನನಗೆ ಒಳಗೊಳಗೇ ಆತಂಕ ಇತ್ತು. ಊಟ ಹೇಗಿತ್ತು ಅಂತ ಕೇಳಿದೆ. "ಸಾರಿಗೆ ಹುಣಸೆಹಣ್ಣು ಜಾಸ್ತಿ ಹಾಕಿದ್ಲು ಮೇಡಂ" ಅಂದಳು. ಅವಳಿಗಿದ್ದ ತಕರಾರು ಅದೊಂದೇ. ಸ್ಕೌಟ್ ಗೈಡ್ ನಿಯಮಗಳು ಒಂಬತ್ತು, ಅದರಲ್ಲಿ ಮೂರನೆಯದು ಎಲ್ಲರಿಗೂ ಸ್ನೇಹಿತರಾಗಿರಬೇಕು ಅನ್ನುತ್ತದೆ. ಬಾಯಿಪಾಠ ಮಾಡಿಸುವುದು ಸುಲಭ. ಅದು ನಿಜವಾಗಿ ಒಳಗೆ ಇಳಿಯುವುದು ಹಸಿವಾದಾಗ, ಆ ಒಲೆಯ ಮುಂದೆ.

ಗಣಿತದ ಟೀಚರ್ ಆಗಿ ನನಗೆ ತುಂಬ ಖುಷಿ ಕೊಡುವುದು ಹೊಳೆ ದಂಡೆಯ ಒಂದು ಚಟುವಟಿಕೆ. ಹೊಳೆ ದಾಟದೆ ಅದರ ಅಗಲ ಹೇಳಬೇಕು. ಆಚೆ ದಡದಲ್ಲಿ ಒಂದು ಮರ ಗುರುತು ಮಾಡಿಕೊಳ್ಳಬೇಕು. ಅದಕ್ಕೆ ನೇರ ಎದುರಾಗಿ ಈಚೆ ದಡದಲ್ಲಿ ನಿಂತು ಒಂದು ಗೂಟ ಹೊಡೆಯಬೇಕು. ಅಲ್ಲಿಂದ ದಂಡೆಯುದ್ದಕ್ಕೂ 20 ಹೆಜ್ಜೆ ನಡೆದು ಒಂದು ಕೋಲು ನೆಡಬೇಕು. ಅದೇ ಗೆರೆಯಲ್ಲಿ ಇನ್ನೂ 20 ಹೆಜ್ಜೆ. ಈಗ ಹೊಳೆಗೆ ಬೆನ್ನು ಹಾಕಿ ನೇರವಾಗಿ ಒಳಕ್ಕೆ ನಡೆಯಬೇಕು. ಆಗಾಗ ತಿರುಗಿ ನೋಡುತ್ತಾ, ನಡುವೆ ನೆಟ್ಟ ಕೋಲು ಆಚೆ ದಡದ ಮರವನ್ನು ಮರೆ ಮಾಡುವವರೆಗೆ ಹೋಗಬೇಕು. ಅಲ್ಲಿ ನಿಲ್ಲಿ. ದಂಡೆ ಬಿಟ್ಟ ಜಾಗದಿಂದ ಇಲ್ಲಿಗೆ ಎಷ್ಟು ಹೆಜ್ಜೆಯೋ ಹೊಳೆಯ ಅಗಲವೂ ಅಷ್ಟೇ. ಎರಡು ಲಂಬಕೋನ, ಎರಡು ಸಮವಾದ ಬಾಹು, ಶೃಂಗಾಭಿಮುಖ ಕೋನ. ಒಂಬತ್ತನೇ ಕ್ಲಾಸಿನ ಪುಸ್ತಕದಲ್ಲಿ ಕೋ.ಬಾ.ಕೋ. (ಕೋನ, ಬಾಹು, ಕೋನ) ಅಂತ ಬಾಯಿಪಾಠ ಮಾಡಿದ್ದ ಸರ್ವಸಮ ತ್ರಿಭುಜ ಅದೇ. ಒಂದು ಹುಡುಗಿ ಕೋಲಿನ ಹಿಂದೆ ಒಂದು ಕಣ್ಣು ಮುಚ್ಚಿ ನಿಂತು, ಮರ ಮರೆಯಾದ ಕ್ಷಣಕ್ಕೆ "ಮೇಡಂ, ಇದು ಪರೀಕ್ಷೆಗೆ ಬಂದಿತ್ತಲ್ವಾ!" ಅಂತ ಕೂಗಿದಳು. ಅವಳ ಮಟ್ಟಿಗೆ ಆ ಪ್ರಮೇಯ ಸಾಧನೆ ಆಗಿದ್ದು ಅವತ್ತೇ.

ಗಂಟುಗಳ ಕಥೆಯೂ ಹೀಗೇ. ನೋಡುವವರಿಗೆ ಅದೊಂದು ಕೈಚಳಕ ಅನ್ನಿಸಬಹುದು. ಬೋಲೈನ್ ಗಂಟು ಹಾಕಿದ ಕುಣಿಕೆ ಎಷ್ಟೇ ಎಳೆದರೂ ಬಿಗಿಯುವುದಿಲ್ಲ, ಜಾರುವುದೂ ಇಲ್ಲ. ಅದಕ್ಕೇ ಬಾವಿಗೋ ನೀರಿಗೋ ಬಿದ್ದವರ ಎದೆಯ ಸುತ್ತ ಹಾಕಿ ಎತ್ತಲು ಅದೇ ಗಂಟು. ರಾಜ್ಯದಲ್ಲಿ ಬೇಸಿಗೆ ರಜೆ ಬಂತೆಂದರೆ ಕೆರೆಯಲ್ಲಿ, ಕೃಷಿ ಹೊಂಡದಲ್ಲಿ ಮಕ್ಕಳು ಮುಳುಗಿದ ಸುದ್ದಿ ಓದುತ್ತಲೇ ಇರುತ್ತೇವೆ. ಎಷ್ಟೋ ಸಲ ಒಬ್ಬರು ಕಾಲು ಜಾರಿ ಬಿದ್ದಿರುತ್ತಾರೆ, ಕಾಪಾಡಲು ಹಾರಿದ ಇನ್ನಿಬ್ಬರೂ ಹೋಗಿರುತ್ತಾರೆ. ನೀರಿಗೆ ಹಾರಬೇಡ, ದಡದಲ್ಲಿ ಮಲಗಿ ಕೋಲು ಚಾಚು, ಹಗ್ಗ ಎಸೆ, ಏನೂ ಇಲ್ಲದಿದ್ದರೆ ವೇಲು ಎಸೆ, ಕೂಗಿ ಜನ ಸೇರಿಸು. ಇದನ್ನು ಬಾಯಲ್ಲಿ ಹೇಳಿದರೆ ಸಾಲದು. ಗಾಬರಿ ಆದಾಗ ಕೈ ತಾನಾಗಿ ಮಾಡಬೇಕು. ಅದಕ್ಕೆ ಮತ್ತೆ ಮತ್ತೆ ಮಾಡಿಸುತ್ತೇವೆ, ಕಣ್ಣು ಕಟ್ಟಿ ಗಂಟು ಹಾಕಿಸುತ್ತೇವೆ. ಕುತ್ತಿಗೆಯ ಸ್ಕಾರ್ಫ್ ಕೂಡ ಅಲಂಕಾರಕ್ಕೆ ಇರುವುದಲ್ಲ. ಬಿಚ್ಚಿ ಹರಡಿದರೆ ಮುರಿದ ಕೈಗೆ ಜೋಲಿ, ಮಡಚಿದರೆ ಗಾಯಕ್ಕೆ ಪಟ್ಟಿ. ಸಿದ್ಧರಾಗಿರಿ ಅನ್ನುವ ಧ್ಯೇಯವಾಕ್ಯಕ್ಕೆ ಇದಕ್ಕಿಂತ ನೇರವಾದ ವಿವರಣೆ ನನಗೆ ಗೊತ್ತಿಲ್ಲ.

ಹುಡುಗಿಯರ ಬಗ್ಗೆ ಬೇರೆಯಾಗಿ ಹೇಳಬೇಕು. ನಮ್ಮ ಹಳ್ಳಿಗಳಲ್ಲಿ ಹುಡುಗ ಸಂಜೆ ಎಲ್ಲಿ ಹೋದ ಅಂತ ಯಾರೂ ಕೇಳುವುದಿಲ್ಲ. ಹುಡುಗಿ ಕತ್ತಲಾದ ಮೇಲೆ ಅಂಗಳ ದಾಟಿದರೂ ಪ್ರಶ್ನೆ. ಅಂಥ ಹುಡುಗಿಗೆ ಮನೆಯಿಂದ ದೂರ, ಗೆಳತಿಯರ ಜೊತೆ ಡೇರೆಯಲ್ಲಿ ಮಲಗುವುದು, ನಕ್ಷೆ ಮತ್ತು ದಿಕ್ಸೂಚಿ ಹಿಡಿದು ಗುಡ್ಡ ಹತ್ತಿ ಇಳಿಯುವುದು, ಶಿಬಿರಾಗ್ನಿಯ ಸುತ್ತ ನೂರಾರು ಜನರ ಮುಂದೆ ನಾಟಕ ಆಡುವುದು ಸಿಗುತ್ತದೆ. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಹುಡುಗರ ಸ್ಕೌಟ್ ಮೇಳ ನಡೆದಾಗ ಕೆಲವು ಹುಡುಗಿಯರು ಕರೆಯದೇ ಬಂದು, ನಮಗೂ ಬೇಕು ಅಂದರು. ಗೈಡ್ಸ್ ಹುಟ್ಟಿದ್ದು ಅಲ್ಲಿಂದ. ಆ ಹುಡುಗಿಯರ ಮೇಲೆ ನನಗೆ ತುಂಬ ಪ್ರೀತಿ. 2022ರ ಡಿಸೆಂಬರಿನಲ್ಲಿ ಮೂಡುಬಿದಿರೆಯಲ್ಲಿ ನಡೆದ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿಯಂಥ ಮೇಳದಲ್ಲಿ ಬೇರೆ ರಾಜ್ಯದ, ಬೇರೆ ದೇಶದ ಮಕ್ಕಳ ಜೊತೆ ಸ್ಕೌಟ್ ಪದ್ಧತಿಯಂತೆ ಎಡಗೈ ಕುಲುಕಿ ಬಂದ ಹುಡುಗಿಗೆ ಮುಂದೆ ಕಾಲೇಜಿಗೆ ಬೇರೆ ಊರಿಗೆ ಹೋಗುವುದು ಅಷ್ಟು ದೊಡ್ಡ ಬೆಟ್ಟ ಅನ್ನಿಸುವುದಿಲ್ಲ.

ಇದೆಲ್ಲ ಟೀಚರ್ ಒಬ್ಬಳ ಅಭಿಮಾನ ಅಂತ ಯಾರಾದರೂ ಅನ್ನಬಹುದು. 2016ರಲ್ಲಿ ಎಡಿನ್‌ಬರೊ ಮತ್ತು ಗ್ಲಾಸ್ಗೊ ವಿಶ್ವವಿದ್ಯಾಲಯಗಳ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಬ್ರಿಟನ್ನಿನಲ್ಲಿ 1958ರಲ್ಲಿ ಹುಟ್ಟಿದ ಸುಮಾರು 10,000 ಜನರ ಬದುಕಿನ ಮಾಹಿತಿ ಅದು. ಚಿಕ್ಕಂದಿನಲ್ಲಿ ಸ್ಕೌಟ್ ಅಥವಾ ಗೈಡ್ ಆಗಿದ್ದವರಿಗೆ 50ನೇ ವಯಸ್ಸಿನಲ್ಲಿ ಆತಂಕ, ಖಿನ್ನತೆಯಂಥ ತೊಂದರೆ ಇರುವ ಸಾಧ್ಯತೆ ಉಳಿದವರಿಗಿಂತ ಸುಮಾರು 15 ಶೇಕಡಾ ಕಡಿಮೆ ಇತ್ತು. ಬಡ ಮನೆಗಳಲ್ಲಿ ಬೆಳೆದವರಿಗೆ ಇಂಥ ತೊಂದರೆ ಹೆಚ್ಚು ಅನ್ನುವುದು ತಿಳಿದ ವಿಷಯ. ಸ್ಕೌಟ್ ಗೈಡ್ ಆಗಿದ್ದವರಲ್ಲಿ ಆ ಅಂತರ ಕಾಣಲಿಲ್ಲ. ಕಾರಣ ಸ್ಕೌಟಿಂಗೇ ಅಂತ ಇಂಥ ಅಧ್ಯಯನ ಸಾಬೀತು ಮಾಡುವುದಿಲ್ಲ, ಅದನ್ನೂ ಹೇಳಿಬಿಡಬೇಕು. ಆದರೂ ಒಲೆಯ ಮುಂದೆ ಆ ಹುಡುಗಿಯ ಮುಖ ನೋಡಿದ ನನಗೆ ಈ ಫಲಿತಾಂಶ ಆಶ್ಚರ್ಯ ತರಲಿಲ್ಲ.

ಬೇಸರದ ವಿಷಯವೂ ಇದೆ. ಎಷ್ಟೋ ಕಡೆ ದಳ ಅನ್ನುವುದು ದಾಖಲೆಯಲ್ಲಿ ಮಾತ್ರ. ಸಮಾರಂಭಕ್ಕೆ ಗಣ್ಯರು ಬರುವ ದಿನ ಮಕ್ಕಳನ್ನು ಬಿಸಿಲಲ್ಲಿ ಗಂಟೆಗಟ್ಟಲೆ ಸಾಲು ನಿಲ್ಲಿಸುತ್ತಾರೆ, ಫೋಟೋ ಆದ ಮೇಲೆ ಯೂನಿಫಾರ್ಮ್ ಮತ್ತೆ ಪೆಟ್ಟಿಗೆಗೆ. ಇನ್ನು ಕೆಲವು ಕಡೆ ಎಲ್ಲವೂ ಪ್ರಮಾಣಪತ್ರಕ್ಕಾಗಿ. ಪ್ರವೇಶದಿಂದ ಸೋಪಾನಗಳನ್ನು, ಅಂದರೆ ಕಲಿಕೆಯ ಹಂತಗಳನ್ನು, ದಾಟಿ ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರದವರೆಗೆ ಹೋದರೆ ಮುಂದೆ ರೈಲ್ವೆ ನೇಮಕಾತಿಯ ಸ್ಕೌಟ್ ಕೋಟಾದಲ್ಲಿ ಅರ್ಜಿ ಹಾಕಬಹುದು. ಬಡವರ ಮನೆಯ ಮಗು ಅದರ ಮೇಲೆ ಕಣ್ಣಿಟ್ಟರೆ ಅದರಲ್ಲಿ ತಪ್ಪೇನೂ ಇಲ್ಲ, ಉದ್ಯೋಗ ಯಾರಿಗೆ ಬೇಡ? ಆದರೆ ಪರೀಕ್ಷಾ ಶಿಬಿರದ ಹಿಂದಿನ ರಾತ್ರಿ ಬೇರೆಯವರ ಲಾಗ್ ಬುಕ್ (ಮಾಡಿದ ಚಟುವಟಿಕೆ ಬರೆದಿಡುವ ಪುಸ್ತಕ) ನೋಡಿ ನಕಲು ಬರೆಸಿದರೆ, ಹೋಗದ ಹೈಕಿನ ವರದಿ ಬರೆಸಿದರೆ, ಆ ಮಗುವಿಗೆ ನಾವು ಕಲಿಸಿದ್ದೇನು? ಮೊದಲ ನಿಯಮವೇ ನಂಬಿಕೆಗೆ ಅರ್ಹರಾಗಿರಬೇಕು ಅನ್ನುವುದು. ಇದನ್ನು ನೋಡಿದಾಗ ನನಗೆ ನಿಜವಾಗಿ ಸಂಕಟ ಆಗುತ್ತದೆ.

ಹಾಗಾಗಿ ಮಗುವನ್ನು ಸೇರಿಸುವ ಮುಂಚೆ ಆ ದಳದಲ್ಲಿ ಪ್ಯಾಟ್ರೋಲುಗಳು ಇವೆಯಾ, ಲೀಡರ್ ಯಾರು, ಮಕ್ಕಳ ಸಭೆ ನಡೆಯುತ್ತದಾ, ವರ್ಷಕ್ಕೆ ಒಮ್ಮೆಯಾದರೂ ಹೊರಗೆ ಶಿಬಿರ ಇದೆಯಾ ಅಂತ ಕೇಳಿ. ಟೀಚರಿಗಿಂತ ಅಲ್ಲಿನ ಮಕ್ಕಳನ್ನು ಕೇಳಿದರೆ ಒಳ್ಳೆಯದು. ಹುಡುಗಿಯರ ಶಿಬಿರಕ್ಕೆ ಮಹಿಳಾ ಗೈಡ್ ಕ್ಯಾಪ್ಟನ್ ಜೊತೆಯಲ್ಲಿ ಇರುತ್ತಾರಾ, ಮಲಗುವ ಜಾಗ, ಶೌಚಾಲಯ, ಹತ್ತಿರದ ಆಸ್ಪತ್ರೆ ಯಾವುದು ಅಂತ ವಿಚಾರಿಸಿ. ಕೇಳುವುದು ನಿಮ್ಮ ಹಕ್ಕು. ಯೂನಿಫಾರ್ಮ್ ಖರ್ಚಿಗೆ ಹಿಂಜರಿಯಬೇಡಿ. ನಮ್ಮಲ್ಲಿ ಹತ್ತನೇ ಕ್ಲಾಸು ಮುಗಿಸಿ ಹೋಗುವವರು ಬಟ್ಟೆ ಒಗೆದು ಇಸ್ತ್ರಿ ಮಾಡಿ ಕೊಟ್ಟು ಹೋಗುತ್ತಾರೆ, ಎಂಟನೇ ಕ್ಲಾಸಿನವರು ಅದನ್ನು ಹಾಕಿಕೊಳ್ಳುತ್ತಾರೆ. ಕಾಲೇಜಿಗೆ ಹೋದ ಮೇಲೂ ಇದು ಮುಗಿಯುವುದಿಲ್ಲ, 25 ವರ್ಷದವರೆಗೆ ರೋವರ್, ರೇಂಜರ್ ಆಗಿ ಇರಬಹುದು. ನಮ್ಮ ಹಳೆಯ ಪಿ.ಎಲ್.ಗಳಲ್ಲಿ ಕೆಲವರು ರಜೆಯಲ್ಲಿ ಬಂದು ಚಿಕ್ಕವರಿಗೆ ಗಂಟು ಕಲಿಸುತ್ತಾರೆ. ನನಗಿಂತ ಚೆನ್ನಾಗಿ ಕಲಿಸುತ್ತಾರೆ.

ಕೊನೆಗೆ ಅಪ್ಪ ಅಮ್ಮಂದಿರಲ್ಲಿ ಒಂದು ಕೇಳಿಕೆ ಇದೆ. ಶಿಬಿರಕ್ಕೆ ಬಿಟ್ಟು ಹೋದ ಸಂಜೆಯೇ ಟಿಫಿನ್ ಕ್ಯಾರಿಯರ್ ಹಿಡಿದುಕೊಂಡು ಗೇಟಿನ ಹತ್ತಿರ ಬರಬೇಡಿ. ಪ್ರೀತಿಯಿಂದ ತರುತ್ತೀರಿ, ಗೊತ್ತು. ಆದರೆ ನಿಮ್ಮ ಮಗಳು ಆ ಹೊತ್ತಿಗೆ ತನ್ನ ಪ್ಯಾಟ್ರೋಲಿನ ಅನ್ನಕ್ಕೆ ನೀರು ಎಷ್ಟು ಹಾಕಬೇಕು ಅಂತ ಉಳಿದವರ ಜೊತೆ ವಾದ ಮಾಡುತ್ತಿರುತ್ತಾಳೆ. ಅವಳನ್ನು ಅಲ್ಲಿಂದ ಎಬ್ಬಿಸಬೇಡಿ. ಜ್ವರ ಗಿರ ಬಂದರೆ ನಾವೇ ಫೋನ್ ಮಾಡುತ್ತೇವೆ.